ನೂಲಣ್ಣ ಬಿಲ್ಡಿಂಗಿಗೆ ಬಣ್ಣ ಹೊಡೆಸಿದ್ದು

ಎದುರಿನ ಕಟ್ಟಡಕ್ಕೆ ಬಣ್ಣ ಹೊಡೆದು ಮುಗಿಸಿ, ಸಾರುವೆಯ ಬೊಂಬುಗಳನ್ನು ಬಿಚ್ಚಿಕೊಂಡು ಹೋದ ದಿನ ನೂಲಣ್ಣನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೊಟ್ಟೆಯಲ್ಲಿ ಜಾಗವಿರಲಿಲ್ಲ ಅಂತಲ್ಲ. ಇದ್ದ ಜಾಗವನ್ನೆಲ್ಲ ಕಿಚ್ಚು ಹಿಡಿದುಕೊಂಡಿತ್ತು.

ಆ ಕಟ್ಟಡ ಬೇರೆ ಯಾರದಾದರೂ ಆಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಅದು ಅವನ ಷಡ್ಡಕನದು. ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಕಚ್ಚಿದ ನಾಯಿಗೆ ಅನ್ನ ಹಾಕಿದವರಿದ್ದಾರೆ, ಬೈದವನ ಕಾಲಿಗೆ ಬಿದ್ದವರಿದ್ದಾರೆ. ಷಡ್ಡಕನ ಏಳಿಗೆ ಕಂಡು ಸಂತೋಷಪಟ್ಟವನು ಇನ್ನೂ ಹುಟ್ಟಬೇಕು.

ನೂಲಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದಾರ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವವನಾದ್ದರಿಂದ ಬೀದಿ ಇಟ್ಟ ಹೆಸರು. ಟೈಲರುಗಳು ಬಟ್ಟೆಯ ಚೂರು ತಂದು ಮೇಜಿನ ಮೇಲೆ ಇಟ್ಟರೆ ಸಾಕು, ಅವನ ಕೈ ತಾನಾಗಿ ಗೂಡಿನೊಳಗೆ ಹೋಗಿ ಅದೇ ಬಣ್ಣದ ದಾರದ ಉಂಡೆಯನ್ನು ಹಿಡಿದುಕೊಂಡು ಬರುತ್ತಿತ್ತು. ಬಣ್ಣದ ವಿಷಯದಲ್ಲಿ ಅವನ ಕಣ್ಣು ತಪ್ಪಿದ್ದಿಲ್ಲ. ಉಳಿದ ಎಲ್ಲ ವಿಷಯದಲ್ಲೂ ತಪ್ಪುತ್ತಿತ್ತು, ಅದು ಬೇರೆ ಮಾತು.

ಅವನ ಅಂಗಡಿ ಇದ್ದ ವಾಣಿಜ್ಯ ಕಟ್ಟಡ ಹಳೆಯದು. ಕೆಳಗೆ ಅವನದೂ ಜೆರಾಕ್ಸ್ ಅಕ್ಕನದೂ ಅಂಗಡಿ, ಮಧ್ಯದ ಮಹಡಿಯಲ್ಲಿ ವಿಮೆ ಏಜೆಂಟನ ಆಫೀಸು, ಮೇಲೆ ಟ್ಯೂಷನ್ ಮೇಷ್ಟ್ರು. ಎಲ್ಲರೂ ಸೇರಿ ಒಂದು ಸಂಘ, ಅದಕ್ಕೆ ನೂಲಣ್ಣನೇ ಅಧ್ಯಕ್ಷ. ಆ ಕುರ್ಚಿಯ ಮೇಲೆ ಬೇರೆ ಯಾರೂ ಕೂರಲು ಒಪ್ಪಿರಲಿಲ್ಲ. ಗೋಡೆಯ ಬಣ್ಣ ಮೊದಲು ಏನಿತ್ತೆಂದು ಯಾರಿಗೂ ನೆನಪಿಲ್ಲ. ಈಗ ಪೈಪಿನ ಪಕ್ಕ ಪಾಚಿ, ಕಿಟಕಿಯ ಕೆಳಗೆ ತುಕ್ಕಿನ ನೀರು ಇಳಿದ ಗೆರೆ.

ಸಂಜೆ ಹೆಂಡತಿ ಅಂಗಡಿಗೆ ಬಂದು ಎಂದಿನಂತೆ ಸ್ಟೂಲಿನ ಮೇಲೆ ಕೂತಳು. ಎದುರಿಗೆ ನೋಡಿದಳು. ಕಣ್ಣು ಅರಳಿತು.

“ರೀ, ನಮ್ಮ ಡಾಕ್ಟ್ರ ಬಿಲ್ಡಿಂಗ್ ನೋಡಿದ್ರಾ? ಕೆನೆ ತೆಗೆದು ಬಳಿದ ಹಾಗಿದೆ!”

“ನಮ್ಮ ಡಾಕ್ಟ್ರು ಅಂದ್ರೆ ಯಾರು?”

“ಇನ್ಯಾರು, ನನ್ನ ತಂಗಿ ಗಂಡ.”

“ಅವನು ನಿನ್ನ ತಂಗಿಗೆ ಗಂಡ. ನಮ್ಮವನು ಯಾವಾಗ ಆದ?”

“ಅವಳ ಮದುವೆ ದಿನ ಆದ್ರು. ನೀವೂ ಬಂದಿದ್ರಲ್ಲ. ಎರಡು ಪಂಕ್ತೀಲಿ ಕೂತು ಊಟ ಮಾಡಿದ್ರಿ.”

ನೂಲಣ್ಣ ಮಾತು ಬದಲಿಸಿದ. “ನಮ್ಮ ಬಿಲ್ಡಿಂಗ್‌ಗೇನಾಗಿದೆ?”

ಹೆಂಡತಿ ಹೊರಗೆ ಕತ್ತು ಚಾಚಿ ಮೇಲೆ ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. “ನಿಂತಿದೆಯಲ್ಲ, ಅಷ್ಟು ಸಾಕು ಬಿಡಿ,” ಅಂದಳು.

ಮದುವೆಯಾದ ದಿನದಿಂದ ನೂಲಣ್ಣ ಒಂದೇ ಒಂದು ಮಾತಿಗೆ ಕಾದಿದ್ದ. ‘ನಮ್ಮದೇ ಚೆನ್ನಾಗಿದೆ.’ ಅಷ್ಟೇ. ಷಡ್ಡಕನ ಸ್ಕೂಟರ್ ಬಂದಾಗ ಆ ಮಾತು ಬರಲಿಲ್ಲ, ಸೋಫಾ ಬಂದಾಗ ಬರಲಿಲ್ಲ, ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಥಾನಿನ ಬಟ್ಟೆಯಿಂದ ಶರ್ಟು ಹೊಲಿಸಿದಾಗಲೂ ಬರಲಿಲ್ಲ. ಈ ಸಲ ಆ ಮಾತನ್ನು ಹೆಂಡತಿಯ ಬಾಯಿಂದ ಕೇಳಿಯೇ ತೀರುತ್ತೇನೆಂದು ನೂಲಣ್ಣ ಸಂಘದ ತುರ್ತು ಸಭೆ ಕರೆದ.

ಸಭೆ ಟ್ಯೂಷನ್ ಕೋಣೆಯಲ್ಲಿ ಸೇರಿತು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಎಲ್ಲರೂ ಕೂತರು. ಬೋರ್ಡಿನ ಮುಂದೆ ಪೇಂಟಿಂಗ್ ಮೇಸ್ತ್ರಿ ನಿಂತ. ಈ ಮೇಸ್ತ್ರಿಗೆ ಬ್ರಷ್ ಹಿಡಿಯುವುದಕ್ಕಿಂತ ಭಾಷಣ ಮಾಡುವುದು ಇಷ್ಟ.

“ನೋಡಿ, ಬಣ್ಣ ಕೊನೇ ಮಾತು. ಮೊದಲು ಗೋಡೆ ತೊಳೀಬೇಕು. ಒಣಗಬೇಕು. ಪಾಚಿ ಕೆರೀಬೇಕು, ಬಿರುಕು ತುಂಬಬೇಕು. ಒಣಗಬೇಕು. ಪ್ರೈಮರ್ ಹೊಡೀಬೇಕು. ಒಣಗಬೇಕು. ಆಮೇಲೆ ಒಂದು ಕೋಟ್ ಬಣ್ಣ. ಅದೂ ಒಣಗಬೇಕು. ಆಮೇಲೆ ಇನ್ನೊಂದು.”

“ಇಷ್ಟು ಒಣಗೋ ಹೊತ್ತಿಗೆ ನಾವೇ ಒಣಗಿ ಹೋಗಿರ್ತೀವಿ,” ಅಂದ ವಿಮೆ ಏಜೆಂಟ್.

“ಇನ್ನೊಂದು ಮಾತು. ಅಂಗಡಿ ಬೋರ್ಡುಗಳೆಲ್ಲ ಕೆಳಗಿಳೀಬೇಕು.”

“ಬೋರ್ಡು ಇಳಿಸಿದ್ರೆ ನಾನೆಲ್ಲಿದೀನಿ ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾದವರೆಲ್ಲ ಮೆಟ್ಟಿಲಲ್ಲೇ ತಿರುಗಿ ಓಡ್ತಾರಲ್ಲ, ಏಜೆಂಟ್ರೇ,” ಅಂದಳು ಜೆರಾಕ್ಸ್ ಅಕ್ಕ. “ಬೋರ್ಡು ಇಳಿದ್ರೆ ಯಾರಾದ್ರೂ ಗೊತ್ತಿಲ್ಲದೆ ಬಂದು ಸಿಕ್ಕಿಹಾಕ್ಕೋಬಹುದು. ಸುಮ್ನಿರಿ.”

ಬಣ್ಣದ ಮಾತು ಬಂದಾಗ ಸಭೆ ಸಂತೆಯಾಯಿತು. ಏಜೆಂಟನಿಗೆ ನೀಲಿ ಬೇಕು. ಜೆರಾಕ್ಸ್ ಅಕ್ಕನಿಗೆ ಧೂಳು ಕಾಣದ ಬಣ್ಣ ಬೇಕು. ಮೇಷ್ಟ್ರಿಗೆ ಮಕ್ಕಳು ಗೀಚಿದ್ದು ಕಾಣದ ಬಣ್ಣ ಬೇಕು.

“ಧೂಳೂ ಕಾಣಬಾರದು, ಗೀಚೂ ಕಾಣಬಾರದು ಅಂದ್ರೆ ಈಗಿರೋ ಬಣ್ಣಾನೇ ಸರಿ,” ಎಂದು ಮೇಸ್ತ್ರಿ ಶೇಡ್ ಕಾರ್ಡ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ನೂಲಣ್ಣ ಎದ್ದು ನಿಂತ. ಬೆಂಚೂ ಅವನ ಜೊತೆ ಎದ್ದಿತು. “ಬಣ್ಣ ನಾನು ಹೇಳ್ತೀನಿ! ಇಷ್ಟು ವರ್ಷ ಬಣ್ಣದ ಮಧ್ಯೆ ಕೂತಿದ್ದೀನಿ. ಮುಂದಿನ ಸಭೇಲಿ ತಂದು ಮುಂದಿಡ್ತೀನಿ. ಎದುರಿನವರ ಬಿಲ್ಡಿಂಗ್ ನಾಚಿ ಮುಖ ಮುಚ್ಕೋಬೇಕು, ಹಾಗಿರುತ್ತೆ!”

ಇದು ಬಾಯಿ ಬಡಾಯಿಯಾಗಿರಲಿಲ್ಲ. ನೂಲಣ್ಣನ ತಲೆಯಲ್ಲಿ ಒಂದು ಯೋಜನೆ ಇತ್ತು, ಅದರಲ್ಲಿ ಹೊಟ್ಟೆಕಿಚ್ಚು ಎಷ್ಟಿತ್ತೋ ಕಸುಬಿನ ಜ್ಞಾನವೂ ಅಷ್ಟೇ ಇತ್ತು. ದಾರ ಮಾರುವವನಿಗೆ ಗೊತ್ತಿರುವ ಸತ್ಯವೇನೆಂದರೆ, ಯಾವ ಬಣ್ಣವೂ ತಾನಾಗಿ ಕೆಟ್ಟದಲ್ಲ. ಪಕ್ಕದ್ದು ಅದನ್ನು ಕೆಡಿಸುತ್ತದೆ. ಕೆನೆ ಬಣ್ಣದ ಬಟ್ಟೆ ಒಂದೇ ಇದ್ದರೆ ಶ್ರೀಮಂತರ ಮನೆಯದು. ಅದರ ಎದುರಿಗೆ ಚಿಟಿಕೆ ನೀಲಿ ಹಾಕಿದ ಅಚ್ಚ ಬಿಳಿ ಬಟ್ಟೆ ತಂದಿಡಿ, ಆಗ ಅದು ಒಗೆಯದೆ ಬಿಟ್ಟ ಬನಿಯನ್ನು. ಷಡ್ಡಕನ ಕಟ್ಟಡ ಹಾಗೆಯೇ ಹಳದಿಗಟ್ಟಬೇಕು. ಹಲ್ಲಿನ ಡಾಕ್ಟರ ಕಟ್ಟಡ, ಹಲ್ಲುಜ್ಜದವನ ಬಾಯಿಯಂತೆ ಕಾಣಬೇಕು! ಈ ಯೋಚನೆ ಬಂದಾಗ ನೂಲಣ್ಣನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು. ಕೈ ಎಟುಕಲಿಲ್ಲ.

ಆದರೆ ಬಿಳಿಯಲ್ಲಿ ಎಷ್ಟು ನೀಲಿ ಸೇರಿಸಬೇಕೆಂದು ತಿಳಿಯಬೇಕಾದರೆ ಎದುರಿನ ಕೆನೆ ಯಾವ ಕೆನೆ ಎಂದು ಖಚಿತವಾಗಿ ತಿಳಿಯಬೇಕು. ಕೆನೆ ಎಂದರೆ ಒಂದೇ ಎಂದುಕೊಂಡವರು ದಾರದ ಅಂಗಡಿ ಇಡಬಾರದು. ರಸ್ತೆಯ ಈಚೆಯಿಂದ ನೋಡಿದರೆ ಬಿಸಿಲು ಮೋಸ ಮಾಡುತ್ತದೆ. ದಾರವನ್ನು ಗೋಡೆಗೇ ಇಟ್ಟು ನೋಡಬೇಕು.

ಮರುದಿನ ಬೆಳಿಗ್ಗೆ, ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ, ನೂಲಣ್ಣ ಜೇಬಿನ ತುಂಬ ಕೆನೆ ಬಣ್ಣದ ದಾರದ ಉಂಡೆಗಳನ್ನು ತುಂಬಿಕೊಂಡು ರಸ್ತೆ ದಾಟಿದ. ಕಟ್ಟಡದ ಮೂಲೆಗೆ ಹೋಗಿ ಒಂದು ಉಂಡೆಯನ್ನು ಗೋಡೆಗೆ ಒತ್ತಿ ಹಿಡಿದ. ಬೆಳಕು ಸರಿಯಾಗಿ ಬೀಳುವಂತೆ ಕೆನ್ನೆಯನ್ನು ಗೋಡೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ಮುಚ್ಚಿ ನೋಡತೊಡಗಿದ. ಅಂಥ ಹೊತ್ತಿನಲ್ಲಿ ಅವನ ಬಾಯಿಂದ ‘ಊಂ… ಊಂ…’ ಎಂಬ ಸದ್ದು ತಾನಾಗಿ ಬರುತ್ತಿತ್ತು.

ಬಾಗಿಲು ತೆರೆಯಲು ಬಂದ ಕ್ಲಿನಿಕ್ಕಿನ ಸಹಾಯಕಿ ಕಂಡದ್ದು ಇಷ್ಟು: ಡಾಕ್ಟರ ಷಡ್ಡಕರು ತಣ್ಣನೆಯ ಗೋಡೆಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ ನರಳುತ್ತಿದ್ದಾರೆ. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಇದಕ್ಕೆ ಇನ್ನೊಂದು ಅರ್ಥ ಹೊಳೆಯುವುದುಂಟೆ?

“ಅಯ್ಯೋ, ಅಣ್ಣಾ! ಯಾವ ಕಡೆ ನೋವು? ಮೇಡಂ! ಮೇಡಂ! ಬೇಗ ಬನ್ನಿ!”

ನಾದಿನಿ ಮೆಟ್ಟಿಲು ಇಳಿದು ಓಡಿಬಂದಳು. “ಭಾವ! ಇದೇನಿದು! ನೋವಿದ್ರೆ ಒಳಗೆ ಬರಬಾರದಾ? ಅನಾಥರ ಹಾಗೆ ಗೋಡೆ ತಬ್ಕೊಂಡು ನಿಂತಿದ್ದೀರಲ್ಲ! ನಾವೇನು ಬೇರೆಯವರಾ?”

ನೂಲಣ್ಣನ ಮುಂದೆ ಎರಡು ದಾರಿ ಇತ್ತು. ‘ನಿಮ್ಮ ಮರ್ಯಾದೆ ತೆಗೆಯೋಕೆ ಬಣ್ಣ ಹೊಂದಿಸಿಕೊಳ್ತಿದ್ದೆ’ ಎನ್ನಬಹುದಿತ್ತು. ಇಲ್ಲವೇ ಹಲ್ಲುನೋವು ಎನ್ನಬಹುದಿತ್ತು. ನೂಲಣ್ಣ ಕೆನ್ನೆ ಹಿಡಿದುಕೊಂಡ.

“ಈ ಕಡೆ,” ಅಂದ.

ಕುರ್ಚಿಯಲ್ಲಿ ಕೂರಿಸಿ, ಕತ್ತಿಗೆ ಬಟ್ಟೆ ಕಟ್ಟಿ, ಬಾಯಿ ತೆರೆಸಿದರು. ಡಾಕ್ಟರು ಬಂದರು. ಈ ಡಾಕ್ಟರ ಮೇಲೆ ನೂಲಣ್ಣನಿಗಿದ್ದ ದೊಡ್ಡ ದೂರೆಂದರೆ ಅವರಲ್ಲಿ ಜಂಬವೇ ಇರಲಿಲ್ಲ. ಜಂಬಗಾರನನ್ನು ದ್ವೇಷಿಸುವುದು ಸುಲಭ. ಮೆತ್ತಗೆ ಮಾತಾಡುವವನನ್ನು ದ್ವೇಷಿಸಲು ಹಗಲೆಲ್ಲ ದುಡಿಯಬೇಕು.

“ಇದಾ ಅಣ್ಣಾ? ಇದಾ?” ಎಂದು ಒಂದೊಂದೇ ಹಲ್ಲನ್ನು ತಟ್ಟುತ್ತ ಬಂದರು. ಯಾವುದಕ್ಕೂ ಹೌದೆನ್ನದೆ ಕೊನೆಯವರೆಗೆ ಹೋದರೆ ಬಣ್ಣ ಬಯಲಾಗುತ್ತದೆಂದು ಹೆದರಿ ನೂಲಣ್ಣ ಕೊನೆಯ ಹಲ್ಲಿಗೆ “ಆ!” ಅಂದ.

ಡಾಕ್ಟರು ಎಕ್ಸ್‌ರೇ ತೆಗೆದು ನೋಡಿದರು. “ದವಡೆ ಹಲ್ಲು ಸ್ವಲ್ಪ ಸೊಟ್ಟಗಿದೆ. ನೋವಿಲ್ಲದಿದ್ರೆ ಮುಟ್ಟೋದೇ ಬೇಡ, ಹಾಗೇ ಇರುತ್ತೆ. ನೋವಿದೆ ತಾನೆ?”

ನೂಲಣ್ಣ ‘ಇಲ್ಲ’ ಅನ್ನುವವನೇ ಇದ್ದ. ಅಷ್ಟರಲ್ಲಿ ಯಾರೋ ಫೋನ್ ಮಾಡಿ ಕರೆದಿದ್ದ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಅವಳ ಎದುರು, ಷಡ್ಡಕನ ಎದುರು, ನಾದಿನಿಯ ಎದುರು, ಬೆಳಿಗ್ಗೆ ಎದ್ದು ಗೋಡೆ ತಬ್ಬಿಕೊಂಡದ್ದಕ್ಕೆ ಬೇರೆ ಏನು ಕಾರಣ ಹೇಳುವುದು?

“ಇದೆ,” ಅಂದ. “ಬಹಳ ಇದೆ.”

ಜೋಮು ಹಿಡಿಸುವ ಸೂಜಿ ಚುಚ್ಚಿದ ಮೇಲೆ ಸಹಾಯಕಿ, ಕುರ್ಚಿಯಲ್ಲಿ ಒತ್ತದಿರಲೆಂದು ಅವನ ಜೇಬಿನಲ್ಲಿದ್ದುದನ್ನು ತೆಗೆದು ತಟ್ಟೆಯಲ್ಲಿಟ್ಟಳು. ಒಂದು ದಾರದ ಉಂಡೆ. ಎರಡನೆಯದು. ಮೂರನೆಯದು.

“ಅಕ್ಕಾ,” ಅಂದಳು ನಾದಿನಿ ನಡುಗುವ ದನಿಯಲ್ಲಿ, “ಭಾವ ಹಲ್ಲಿಗೆ ದಾರ ಕಟ್ಟಿ ತಾವೇ ಕಿತ್ಕೊಳ್ಳೋಕೆ ಹೊರಟಿದ್ರು!”

ಹೆಂಡತಿ ಹಣೆ ಚಚ್ಚಿಕೊಂಡಳು. “ಅಂಗಡೀಲಿ ದಾರ ಇದೆ ಅಂತ ಹಲ್ಲಿಗೂ ಕಟ್ತಾರಾ? ನಾಳೆ ಕಣ್ಣು ಮಂಜಾದ್ರೆ ಗುಂಡಿ ಹೊಲ್ಕೊಳ್ತೀರೇನ್ರೀ?”

ನೂಲಣ್ಣ ಉತ್ತರ ಹೇಳಲು ಬಾಯಿ ತೆರೆದ. ಇಕ್ಕಳ ಒಳಗೆ ಹೋಯಿತು.

ಹೊರಗೆ ಕರೆದುಕೊಂಡು ಬರುವಾಗ ಬಾಯಿತುಂಬ ಹತ್ತಿ, ಎಡಗಡೆ ಹೆಂಡತಿ, ಬಲಗಡೆ ನಾದಿನಿ. ಆದರೆ ಸೋತವನಲ್ಲ ನೂಲಣ್ಣ. ಮುಷ್ಟಿಯಲ್ಲಿ ಒಂದು ಉಂಡೆ ಉಳಿದಿತ್ತು. ಬಾಗಿಲಿನ ಹೊರಗೆ ಬಂದಾಗ ತಲೆ ಸುತ್ತಿದವನಂತೆ ಗೋಡೆಯ ಮೇಲೆ ವಾಲಿ, ಉಂಡೆಯನ್ನು ಗೋಡೆಗೆ ಹಿಡಿದು ನೋಡಿದ. ಹೊಂದಿತು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೂಲಣ್ಣ ಹತ್ತಿ ಕಚ್ಚಿಕೊಂಡೇ ನಕ್ಕ. ತುಟಿಯ ಅಂಚಿನಲ್ಲಿ ರಕ್ತ.

“ನಗ್ತಿದ್ದಾರೆ ಕಣೇ,” ಅಂದಳು ಹೆಂಡತಿ ತಂಗಿಯ ಕಡೆ ಗಾಬರಿಯಿಂದ ನೋಡಿ. “ಸೂಜಿ ತಲೆಗೇರಿದೆ.”

ಸುದ್ದಿ ಅವನಿಗಿಂತ ಮೊದಲು ಅಂಗಡಿ ತಲುಪಿತ್ತು. ಟೈಲರುಗಳು ಬಂದು ದಾರ ಕೊಳ್ಳುವ ಬದಲು ಬಾಯಿ ನೋಡಿ ಹೋದರು. ಒಬ್ಬ ಮುದುಕ ತನ್ನ ಅಲ್ಲಾಡುವ ಹಲ್ಲನ್ನು ತೋರಿಸಿ, “ಇದಕ್ಕೆ ಯಾವ ದಾರ ಆಗುತ್ತೆ ಅಣ್ಣಾ, ಗಟ್ಟೀದು ಕೊಡು,” ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಬಟ್ಟೆಯ ಚೀಲ ಹಿಡಿದು ಬಂದಿಳಿದರು.

“ಅಳಿಯಂದ್ರೇ, ಸದ್ಯ ಚಿಕ್ಕ ಅಳಿಯಂದ್ರು ಎದುರಿಗೇ ಇದ್ರು,” ಎಂದು ಕಣ್ಣೊರೆಸಿಕೊಂಡರು. “ಅವರ ಕೈ ಹೂವಿನ ಹಾಗೆ ಅಂತೆ. ನೋವಾಯ್ತಾ?”

ನೂಲಣ್ಣನ ಕೆನ್ನೆ ಬನ್ನಿನಂತೆ ಊದಿತ್ತು. ಅವನು ಕೈಯೆತ್ತಿ, ನೋವಾಯಿತು, ಬಹಳ ನೋವಾಯಿತು, ಹೂವೂ ಅಲ್ಲ ಹಣ್ಣೂ ಅಲ್ಲ, ಎಂದು ತೋರಿಸಿದ.

“ನೋಡು, ಕೈಯೆತ್ತಿ ಆಶೀರ್ವಾದ ಮಾಡ್ತಿದ್ದಾರೆ,” ಅಂದರು ಅತ್ತೆ ಮಗಳಿಗೆ. “ಷಡ್ಡಕರು ಅಂದ್ರೆ ಹೀಗಿರಬೇಕು.”

ಮರುದಿನ ಇನ್ನೊಂದು ಪೆಟ್ಟು ಬಿತ್ತು. ಸಾರುವೆ ಕಟ್ಟಬೇಕಾದರೆ ಅದರ ಬೊಂಬುಗಳು ಪಾದಚಾರಿಗಳ ದಾರಿಗೆ ಬರುತ್ತವೆ. ಅದಕ್ಕೆ ನಗರಸಭೆಯ ಒಪ್ಪಿಗೆ ಬೇಕು. ನೂಲಣ್ಣ ತನ್ನ ಪರವಾಗಿ ಮಾತಾಡಲು ಹೆಂಡತಿಯನ್ನು ಕರೆದುಕೊಂಡು, ಅರ್ಜಿ ಹಿಡಿದು, ಜಗಳಕ್ಕೆ ಸಿದ್ಧನಾಗಿ ಹೋದ. ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸುತ್ತಾರೆ, ಅಲೆದು ಅಲೆದು ಗೆದ್ದು ಬಂದು ಬೀದಿಗೆಲ್ಲ ಹೇಳಬೇಕು ಎಂದುಕೊಂಡಿದ್ದ.

ಅಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದ. “ಬನ್ನಿ ಬನ್ನಿ! ಡಾಕ್ಟ್ರು ಬೆಳಿಗ್ಗೇನೇ ಫೋನ್ ಮಾಡಿದ್ರು. ನಮ್ಮಣ್ಣನಿಗೆ ಬಾಯಿ ಸರಿ ಇಲ್ಲ, ಕಾಯಿಸಬೇಡಿ ಅಂದ್ರು. ನೋಡಿ, ಈ ಮುಂದಿನ ಹಲ್ಲು ಅವರೇ ಹಾಕಿದ್ದು.” ತುಟಿ ಎತ್ತಿ ತೋರಿಸಿದ. ಆಮೇಲೆ ಅರ್ಜಿ ಓದದೆ ಸಹಿ ಹಾಕಿ ಮುದ್ರೆ ಒತ್ತಿದ.

“ನಮ್ಮ ಡಾಕ್ಟ್ರು ಎಷ್ಟು ಒಳ್ಳೆಯವರು, ಅಲ್ವಾ?” ಅಂದಳು ಹೆಂಡತಿ ಮೆಟ್ಟಿಲಿಳಿಯುತ್ತ.

ನೂಲಣ್ಣನ ಮೈ ಉರಿಯಿತು. ತನಗೆ ಸಲ್ಲಬೇಕಾದ ಅಲೆದಾಟವನ್ನೂ ಷಡ್ಡಕ ಕಸಿದುಕೊಂಡಿದ್ದ.

ಅದೇ ಸಂಜೆ ಸಂಘದ ಎರಡನೆಯ ಸಭೆ. ನೂಲಣ್ಣ ಕೋಣೆಗೆ ಕಾಲಿಟ್ಟಾಗ ಅಲ್ಲಿದ್ದ ಒಂದೇ ಒಂದು ದೊಡ್ಡವರ ಕುರ್ಚಿಯಲ್ಲಿ ಷಡ್ಡಕ ಕೂತಿದ್ದ.

ವಿಮೆ ಏಜೆಂಟ್ ಎದ್ದು ಮಾತಾಡಿದ. “ನಮ್ಮ ಅಧ್ಯಕ್ಷರ ಬಾಯಿ ನಿಂತುಹೋಗಿದೆ. ಹಲ್ಲು ಹೋದ್ರೂ ಸಂಘದ ಕೆಲಸ ನಿಲ್ಲಬಾರದು ಅಂತ ಡಾಕ್ಟ್ರನ್ನ ನಾನೇ ಕರೆದೆ. ಅವರು ಈಗಷ್ಟೇ ಬಣ್ಣ ಹೊಡೆಸಿದ್ದಾರೆ, ಅನುಭವ ಇದೆ. ಬಣ್ಣ ಅವರೇ ಹೇಳಲಿ.”

ನೂಲಣ್ಣ ಎರಡೂ ಕೈಗಳನ್ನು ಗಾಳಿಯಂತ್ರದಂತೆ ಬೀಸಿದ. ಬೆಂಚು ಗುದ್ದಿದ. ಊದಿದ ಕೆನ್ನೆಯೊಳಗಿಂದ ಬಂದದ್ದು ಬರೀ ಹೂಂಕಾರ.

“ಪಾಪ, ನೋವು ಜಾಸ್ತಿ ಆಗ್ತಿದೆ,” ಅಂದಳು ಜೆರಾಕ್ಸ್ ಅಕ್ಕ. “ಯಾರಾದ್ರೂ ಬೆನ್ನು ಸವರಿ.” ಮೇಷ್ಟ್ರು ಸವರಿದರು.

ಡಾಕ್ಟರು ಕೈ ಮುಗಿದರು. “ಅಯ್ಯೋ, ನಾನೇನು ಹೇಳಲಿ? ಅಣ್ಣನ ಕಣ್ಣಿನ ಮುಂದೆ ನನ್ನ ಕಣ್ಣು ಯಾವ ಮೂಲೆಗೆ? ಅವರು ಯಾವುದು ತೋರಿಸ್ತಾರೋ ಅದೇ ಬಣ್ಣ.”

ನೂಲಣ್ಣ ಒಂದು ಕ್ಷಣ ದಂಗಾದ. ಆಮೇಲೆ ಜೇಬಿನಿಂದ ಚಿಟಿಕೆ ನೀಲಿಯ ಅಚ್ಚ ಬಿಳಿ ದಾರದ ಉಂಡೆಯನ್ನು ತೆಗೆದು ಬೆಂಚಿನ ಮೇಲೆ ಕುಟ್ಟಿದ.

“ಬಿಳೀನಾ!” ಎಂದು ಸಭೆ ಒಟ್ಟಿಗೆ ಕೂಗಿತು.

“ಬಸ್ಸಿನ ಹೊಗೆ ಕೂರುತ್ತೆ,” ಅಂದಳು ಜೆರಾಕ್ಸ್ ಅಕ್ಕ.

“ಗೀಚಿದ್ದು ಊರಿಗೆಲ್ಲ ಕಾಣುತ್ತೆ,” ಅಂದರು ಮೇಷ್ಟ್ರು.

“ಬಿಳಿ ಬಳಿಯೋಕೆ ನಾನ್ಯಾಕೆ ಬೇಕು, ಸುಣ್ಣದವನನ್ನ ಕರೀರಿ,” ಎಂದು ಮೇಸ್ತ್ರಿ ಮುಖ ತಿರುಗಿಸಿದ.

ಡಾಕ್ಟರು ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ನನಗಂತೂ ಬಹಳ ಇಷ್ಟ ಆಯ್ತಪ್ಪ. ಶುಚಿಯಾಗಿದೆ.”

“ಹೌದಲ್ವಾ, ಶುಚಿ!” ಅಂದ ಏಜೆಂಟ್. “ಹೊಗೆ ಕೂತ್ರೆ ತೊಳೆದ್ರಾಯ್ತು,” ಅಂದಳು ಜೆರಾಕ್ಸ್ ಅಕ್ಕ. “ಮಕ್ಕಳಿಗೆ ನಾಲ್ಕು ಬಿಟ್ರೆ ಗೀಚೋದು ಬಿಡ್ತಾರೆ,” ಅಂದರು ಮೇಷ್ಟ್ರು. ಮೇಸ್ತ್ರಿ ಮಾತ್ರ, ಪ್ರೈಮರ್ ಎರಡು ಸಲ ಹೊಡೆಯಲೇಬೇಕೆಂದು ಹಟ ಹಿಡಿದು ತನ್ನ ಮಾನ ಉಳಿಸಿಕೊಂಡ. ಬಿಳಿ ಬಣ್ಣ ಸರ್ವಾನುಮತದಿಂದ ಗೆದ್ದಿತು.

ತನ್ನ ಬಣ್ಣ ಷಡ್ಡಕನ ಶಿಫಾರಸಿನ ಮೇಲೆ ಗೆದ್ದಿತಲ್ಲ ಎಂದು ನೂಲಣ್ಣನಿಗೆ ಇನ್ನೊಂದು ಹಲ್ಲು ಕಿತ್ತಷ್ಟು ಸಂಕಟವಾಯಿತು. ಆದರೆ ಒಳಗೊಳಗೇ ನಕ್ಕ. ಮೂರ್ಖ! ತಾನು ಕೂತ ಕೊಂಬೆ ಕಡಿಯಲು ತಾನೇ ಕೊಡಲಿ ಎತ್ತಿ ಕೊಟ್ಟ.

ಕೆಲಸ ಶುರುವಾಯಿತು. ಬೊಂಬು ಎದ್ದವು, ಬೋರ್ಡು ಇಳಿದವು. ನೂಲಣ್ಣ ದಾರದ ಉಂಡೆ ಹಿಡಿದು ಸಾರುವೆಯ ಕೆಳಗೇ ಬಿಡಾರ ಹೂಡಿದ. ಡಬ್ಬಿ ಕಲಸಿದಾಗೆಲ್ಲ, “ಇನ್ನೊಂದು ತೊಟ್ಟು ನೀಲಿ! ಅಯ್ಯೋ, ಜಾಸ್ತಿ ಆಯ್ತು! ಬಿಳಿ ಸೇರಿಸು!” ಎಂದು ಮೇಸ್ತ್ರಿಯ ಪ್ರಾಣ ತಿಂದ. ಪಾಚಿ ಹೋಯಿತು, ಬಿರುಕು ಮುಚ್ಚಿತು, ತುಕ್ಕಿನ ಗೆರೆ ಅಳಿಯಿತು. ಎಲ್ಲ ಒಣಗಬೇಕಾದಷ್ಟು ಒಣಗಿತು.

ಸಾರುವೆ ಬಿಚ್ಚಿದ ದಿನ ಬೀದಿ ನಿಂತು ನೋಡಿತು. ಸುಳ್ಳು ಯಾಕೆ ಹೇಳಬೇಕು, ಕಟ್ಟಡ ಆಗ ತಾನೆ ಒಗೆದು ಹರವಿದ ಬಟ್ಟೆಯಂತೆ ಬಿಸಿಲಲ್ಲಿ ಥಳಥಳಿಸಿತು. ನೂಲಣ್ಣ ಅದರ ಕಡೆ ಬೆನ್ನು ಹಾಕಿ ಎದುರಿಗೆ ನೋಡಿದ. ಅವನ ಲೆಕ್ಕ ತಪ್ಪಿರಲಿಲ್ಲ. ನಿನ್ನೆಯವರೆಗೆ ಕೆನೆಯಾಗಿದ್ದ ಷಡ್ಡಕನ ಕಟ್ಟಡ ಹಳದಿಗಟ್ಟಿ, ಜನ್ಮದಲ್ಲಿ ಹಲ್ಲುಜ್ಜದವನ ಬಾಯಿಯಂತೆ ನಿಂತಿತ್ತು. ಆ ಮಧ್ಯಾಹ್ನ ನೂಲಣ್ಣ ಎರಡು ಸಲ ಬಡಿಸಿಕೊಂಡು ಉಂಡ.

ಸಂಜೆ ಹೆಂಡತಿ ಬಂದಳು. ರಸ್ತೆಯಲ್ಲೇ ನಿಂತು ಕತ್ತೆತ್ತಿದಳು. ನೂಲಣ್ಣ ಮೇಜಿನ ಹಿಂದೆ ಉಸಿರು ಬಿಗಿಹಿಡಿದ.

“ರೀ, ನಮ್ಮದು…” ಅಂದಳು.

ಬಸ್ಸು ಹಾರ್ನ್ ಹೊಡೆಯಿತು. ಅವಳು ಪಕ್ಕಕ್ಕೆ ಹಾರಿದಳು. “ಥೂ, ಇಲ್ಲಿಂದ ಪೂರ್ತಿ ಕಾಣೋದೇ ಇಲ್ಲ, ಕತ್ತು ನೋಯುತ್ತೆ. ತಾಳಿ, ಬಂದೆ.” ಎಂದವಳು ರಸ್ತೆ ದಾಟಿ ತಂಗಿಯ ಕಟ್ಟಡದೊಳಗೆ ಹೋದಳು.

ನೂಲಣ್ಣ ಕಾದ. ದಾರ ಮಾರಿದ. ಗುಂಡಿ ಎಣಿಸಿದ. ಅಂಗಡಿ ಮುಚ್ಚುವ ಹೊತ್ತಾದರೂ ಅವಳು ಬರಲಿಲ್ಲ. ಮರುದಿನ ಸಂಜೆ ಸ್ಟೂಲಿಗೆ ಬರದೆ ನೇರವಾಗಿ ಅಲ್ಲಿಗೇ ಹೋದಳು. ಅದರ ಮರುದಿನ ಅತ್ತೆಯನ್ನೂ ಕರೆದುಕೊಂಡು ಹೋದಳು.

ನಡುವೆ ಬೇರೊಂದು ಪೀಡೆ ಅಂಟಿಕೊಂಡಿತು. ಕೆನ್ನೆ ಹಿಡಿದುಕೊಂಡು ಬರುವವರೆಲ್ಲ ಇಷ್ಟು ಬೆಳ್ಳಗಿರುವುದು ಹಲ್ಲಿನ ಆಸ್ಪತ್ರೆಯೇ ಇರಬೇಕೆಂದು ನೂಲಣ್ಣನ ಅಂಗಡಿಗೇ ಬಂದು ಬಾಯಿ ತೆರೆಯತೊಡಗಿದರು. “ಡಾಕ್ಟ್ರು ಎದುರಿಗೆ!” ಎಂದು ಅವನು ಹಗಲೆಲ್ಲ ಕೈ ತೋರಿಸಬೇಕಾಯಿತು.

“ಆ ಹಳದಿ ಬಿಲ್ಡಿಂಗಾ?”

“ಹೌದು, ಅದೇ ಹಳದೀದು!”

ಕೈ ತೋರಿಸಿದಾಗೆಲ್ಲ ತಾನೂ ನೋಡಬೇಕಾಯಿತು. ಬೆಳಿಗ್ಗೆ ಷಟರ್ ಎತ್ತಿದರೆ ಆ ಹಳದಿ. ತಲೆಯೆತ್ತಿದರೆ ಆ ಹಳದಿ. ದಾರದ ಗೂಡಿನ ಗಾಜಿನಲ್ಲೂ ಅದೇ ಹಳದಿ. ಬಣ್ಣ ಬಲ್ಲ ಕಣ್ಣಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ವಾರ ಕಳೆಯುವುದರೊಳಗೆ ನೂಲಣ್ಣನಿಗೆ ತಲೆನೋವು ಶುರುವಾಯಿತು. ಒಂದು ಸಂಜೆ ತಾಳಲಾರದೆ ಎದ್ದು, ಜೆರಾಕ್ಸ್ ಅಕ್ಕನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ರಸ್ತೆ ದಾಟಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ.

ಮೇಲೆ ರೋಗಿಗಳು ಕಾಯುವ ಕೋಣೆ. ಗೋಡೆಯಷ್ಟಗಲದ ಗಾಜಿನ ಕಿಟಕಿ, ಅದರ ಮುಂದೆ ಮೆತ್ತನೆಯ ಸೋಫಾ. ಸೋಫಾದಲ್ಲಿ ಸಾಲಾಗಿ ಹೆಂಡತಿ, ನಾದಿನಿ, ಅತ್ತೆ. ಡಾಕ್ಟರು ಅವರ ಪಕ್ಕ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಎಲ್ಲರೂ ಕಿಟಕಿಯ ಕಡೆ ನೋಡುತ್ತಿದ್ದರು. ನೂಲಣ್ಣನೂ ನೋಡಿದ. ಅವನ ಕಟ್ಟಡ ಬುಡದಿಂದ ತುದಿಯವರೆಗೆ, ಒಂದು ತಂತಿಯೂ ಅಡ್ಡವಿಲ್ಲದೆ, ಇಳಿಬಿಸಿಲಿನಲ್ಲಿ ಬೆಳ್ಳಗೆ ಬೆಳಗುತ್ತಿತ್ತು. ಅಷ್ಟು ಚೆಂದವಿದೆ ಎಂದು ಬಳಿಸಿದವನಿಗೇ ಗೊತ್ತಿರಲಿಲ್ಲ.

ಅವನು ನೇರ ಡಾಕ್ಟರ ಮುಂದೆ ಹೋಗಿ ಕೈ ಮುಗಿದ. “ಡಾಕ್ಟ್ರೇ, ನಿಮ್ಮ ಬಿಲ್ಡಿಂಗ್‌ಗೆ ಇನ್ನೊಂದು ಸಲ ಬಣ್ಣ ಹೊಡೆಸಿ. ನಿಮ್ಮ ದಮ್ಮಯ್ಯ. ಹಳದಿ ಕಾಣ್ತಿದೆ.”

“ಹೌದಾ ಅಣ್ಣಾ?” ಡಾಕ್ಟರು ನಿಜವಾಗಿಯೂ ಆಶ್ಚರ್ಯಪಟ್ಟರು. “ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ನಮ್ಮದನ್ನ ನಾನೆಲ್ಲಿ ನೋಡ್ತೀನಿ? ಹಗಲೆಲ್ಲ ಕಣ್ಣೆದುರಿಗೆ ಇರೋದು ನಿಮ್ಮದೇ. ಎಂಥ ಕಳೆ! ರೋಗಿಗಳಂತೂ ಇಲ್ಲಿ ಕೂತು ಅದನ್ನ ನೋಡಿ, ಕನ್ನಡೀಲಿ ತಮ್ಮ ಹಲ್ಲು ನೋಡ್ಕೊಂಡು, ಬಿಳಿ ಮಾಡಿಕೊಡಿ ಅಂತ ಸಾಲು ನಿಲ್ತಾರೆ. ಎಲ್ಲ ನಿಮ್ಮ ಕೈಗುಣ.”

“ನಿಮಗೆ ನನ್ನದು ಕಾಣುತ್ತೆ! ನನಗೆ ಕಾಣೋದು ನಿಮ್ಮದು!” ನೂಲಣ್ಣ ಕಿಟಕಿಗೆ ಬೆನ್ನು ಕೊಟ್ಟು ಕೈ ಚಾಚಿ ಕೂಗಿದ. “ದಿನಾ ಆ ಹಳದಿ ಮುಖ ನೋಡ್ಕೊಂಡು ನಾನು ಬದುಕೋದು ಹೇಗ್ರೀ?”

“ಯಾಕ್ರೀ ಕೂಗ್ತೀರಿ,” ಅಂದಳು ಹೆಂಡತಿ ಸೋಫಾದಿಂದ. “ಅವರದು ಹೇಗಾದ್ರೂ ಇರಲಿ. ನಮ್ಮದೇ ಚೆನ್ನಾಗಿದೆ.”

ನೂಲಣ್ಣನ ಚಾಚಿದ ಕೈ ಹಾಗೇ ನಿಂತಿತು. ಕೋಪ ಎಲ್ಲಿ ಹೋಯಿತೋ. ಕಣ್ಣಲ್ಲಿ ನೀರಾಡಿತು. ಷಡ್ಡಕನ ಕಟ್ಟಡದಲ್ಲಿ, ಷಡ್ಡಕನ ಎದುರಿಗೆ, ಅತ್ತೆಯ ಕಿವಿಗೂ ಬೀಳುವಂತೆ!

“ಏನಂದೆ?” ಅಂದ. “ಇನ್ನೊಂದು ಸಲ ಹೇಳೇ.”

“ನಮ್ಮ ಬಿಲ್ಡಿಂಗೇ ಚೆನ್ನಾಗಿದೆ ಅಂದೆ. ಸ್ವಲ್ಪ ಆ ಕಡೆ ಸರೀರಿ, ಅಡ್ಡ ನಿಂತಿದ್ದೀರಿ.”